ಬೆಲ್ಟಕ್ಕ ಹಡಗು ಹತ್ತಿದ್ದು

ನಮ್ಮ ಚಿಕ್ಕಮ್ಮ ನೆಟ್ಟಗೆ ಕೂತಿದ್ದನ್ನು ನಾನು ನೋಡಿದ್ದು ಎರಡೇ ಕಡೆ. ಒಂದು, ಬಂದರಿನಲ್ಲಿ ಸಾಮಾನು ತಪಾಸಣೆಯ ಪರದೆಯ ಮುಂದೆ. ಇನ್ನೊಂದು, ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಅವೆರಡು ಬಿಟ್ಟರೆ ಅವಳು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ನಲ್ಲಿ ಬಿಗಿ ಮಾಡಿ ಬರುತ್ತಾಳೆ, ಬಾಗಿಲ ಚಿಲಕ ಮುಟ್ಟಿ ಬರುತ್ತಾಳೆ, ಬಂದವರ ಚಪ್ಪಲಿ ಜೋಡಿಸಿ ಬರುತ್ತಾಳೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು ಇದು" ಎಂದು ನಮ್ಮಮ್ಮ, ಅಂದರೆ ಅವಳ ಅಕ್ಕ, ಹೇಳುತ್ತಿದ್ದಳು. ನಾನು ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡವಳು. ಅಲ್ಲಾಡದೆ ಕೂರುವವರೆಂದರೆ ನನಗೆ ಪ್ರೀತಿ. ಚಿಕ್ಕಮ್ಮನ ತಲೆಗೆ ಕತ್ತರಿ ಹಾಕುವುದೆಂದರೆ ಓಡುವ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

ಬಂದರಿನಲ್ಲಿ ಅವಳಿಗೆ ಬೆಲ್ಟಕ್ಕ ಎಂದೇ ಹೆಸರು. ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಅಲ್ಲಿಂದ ಹೊರಡುತ್ತವೆ. ಹತ್ತುವವರ ಪೆಟ್ಟಿಗೆಗಳು ಒಂದು ಕಪ್ಪು ಬೆಲ್ಟಿನ ಮೇಲೆ ಹರಿದು ಯಂತ್ರದೊಳಗೆ ನುಗ್ಗುತ್ತವೆ, ಒಳಗಿರುವುದೆಲ್ಲ ಪರದೆಯ ಮೇಲೆ ಮೂಡುತ್ತದೆ, ಅದನ್ನು ನೋಡುವುದೇ ಅವಳ ಕೆಲಸ. ಚಾಕು, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ ಎಲ್ಲವನ್ನೂ ಹಿಡಿಯಬೇಕು. ಆದರೆ ಹೆಚ್ಚಿಗೆ ಸಿಗುತ್ತಿದ್ದುದು ಮದ್ಯ. ಆ ಹಡಗಿನವರ ನಿಯಮ ಸರಳ. ದೊಡ್ಡವರು ತಲೆಗೊಂದು ಬಾಟಲಿ ವೈನ್ ತರಬಹುದು, ಅದಕ್ಕಿಂತ ಕಡಕ್ಕಾದದ್ದು ಏನನ್ನೂ ತರುವಂತಿಲ್ಲ. ತಂದರೆ ಅದಕ್ಕೆ ಕೋಣೆಯ ನಂಬರಿನ ಚೀಟಿ ಕಟ್ಟಿ ಹಡಗಿನ ಹೊಟ್ಟೆಯೊಳಗಿನ ಒಂದು ಕೋಣೆಯಲ್ಲಿ ಬೀಗ ಹಾಕಿಡುತ್ತಾರೆ. ಇಳಿಯುವ ದಿನ ಬೆಳಿಗ್ಗೆ ವಾಪಸು ಕೊಡುತ್ತಾರೆ. ಹಡಗಿನ ಬಾರಿನಲ್ಲಿ ಒಂದು ಗ್ಲಾಸಿಗೆ ಕೊಡುವುದರಲ್ಲಿ ಹೊರಗೆ ಒಂದು ಬಾಟಲಿಯೇ ಬರುತ್ತದೆ ಎಂಬುದು ಹತ್ತುವವರಿಗೆಲ್ಲ ಗೊತ್ತು. ಹಾಗಾಗಿ ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಿದ್ದರು. ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಯಲ್ಲಿ ಹಸಿರು ಬಣ್ಣ ಬೆರೆಸಿದ ಜಿನ್. ಶಾಂಪೂ ಡಬ್ಬದಲ್ಲಿ ರಮ್. ತಿರುಳು ತೆಗೆದ ಬ್ರೆಡ್ಡಿನೊಳಗೆ ವಿಸ್ಕಿ. ಒಬ್ಬ ಮಹಾನುಭಾವ ತನ್ನ ಅತ್ತೆಯ ಊರುಗೋಲಿನೊಳಗೆ ತುಂಬಿಸಿ ತಂದಿದ್ದ, ಪಾಪ ಅತ್ತೆಗೆ ಗೊತ್ತೇ ಇರಲಿಲ್ಲ.

ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳುತ್ತಿದ್ದಳು: "ನಿಲ್ಸಿ. ಹಿಂದಕ್ಕೆ." ಬೆಲ್ಟು ನಿಲ್ಲುತ್ತಿತ್ತು, ಪೆಟ್ಟಿಗೆ ಹಿಂದಕ್ಕೆ ಬರುತ್ತಿತ್ತು. ಆ ಮಾತು ಅವಳ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ನಮ್ಮಮ್ಮನ ಮನೆಯಲ್ಲಿ ಒಮ್ಮೆ ಊಟದ ಮೇಜಿನ ಮೇಲೆ ನಾನು ಪಾತ್ರೆ ಸರಿಸಿದಾಗಲೂ "ನಿಲ್ಸಿ, ಹಿಂದಕ್ಕೆ" ಎಂದುಬಿಟ್ಟಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಚಿಕ್ಕಪ್ಪ ಮಾತ್ರ ನಗಲಿಲ್ಲ.

ಚಿಕ್ಕಪ್ಪನಿಗೆ ನಗು ಬರದಿರಲು ಕಾರಣವಿತ್ತು. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮನೆಮನೆಗೂ ಬಟ್ಟೆ ಕಾರ್ಖಾನೆಗಳಿಗೂ ಚರ್ಮದ ಬ್ಯಾಗು ಹಿಡಿದು ಹೋಗುತ್ತಿದ್ದರು. ಮಾತು ಕಡಿಮೆ, ಕೈ ಚುರುಕು, ಕುಡಿತ ಜಾಸ್ತಿ. ಇಡೀ ಬಂದರಿನ ಬಾಟಲಿ ಹಿಡಿಯುವವಳ ಗಂಡನೇ ಕುಡುಕ ಎಂದರೆ ಜನ ಬಿಡುತ್ತಾರೆಯೇ? ದೀಪದ ಕೆಳಗೆ ಕತ್ತಲು ಎಂದು ಅವಳ ಎದುರಿಗೇ ಆಡಿಕೊಂಡರು. ಚಿಕ್ಕಮ್ಮ ಮನೆಯಲ್ಲೂ ತಪಾಸಣೆ ಶುರು ಮಾಡಿದಳು. ಮೆಷಿನ್ ಎಣ್ಣೆಯ ಡಬ್ಬ, ಸೈಕಲ್ ಪಂಪು, ಕೋಟಿನ ಒಳಪದರ, ಬಿಸಿನೀರಿನ ರಬ್ಬರ್ ಚೀಲ, ಯಾವುದನ್ನೂ ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಚಿಕ್ಕಪ್ಪನ ಕಣ್ಣೆದುರೇ ಬಚ್ಚಲಿಗೆ ಸುರಿಯುತ್ತಿದ್ದಳು. ಕೊನೆಗೆ ಒಂದು ದಿನ ಕಾರ್ಖಾನೆಯಲ್ಲಿ ಕೈ ನಡುಗಿ ಸೂಜಿ ಬೆರಳಿನ ಆಚೆ ಬಂತು. ಬೆರಳು ನೋಡಿದ ಡಾಕ್ಟರು ಹೊಟ್ಟೆಯನ್ನೂ ಒತ್ತಿ ನೋಡಿದರು. ಕುಡಿತ ಬಿಡಿ, ಇನ್ನೊಂದು ಸಲ ಶುರುವಾದರೆ ನನ್ನ ಹತ್ತಿರ ಬರಬೇಡಿ, ಪ್ರಯೋಜನ ಇಲ್ಲ ಎಂದರು.

ಅಲ್ಲಿಗೆ ಚಿಕ್ಕಪ್ಪ ಬಿಟ್ಟರು. ಎರಡು ವರ್ಷ ಒಂದು ತೊಟ್ಟು ಮುಟ್ಟಲಿಲ್ಲ. "ಬಚ್ಚಿಡೋಕೆ ಜಾಗ ಉಳೀಲಿಲ್ಲ, ಅದಕ್ಕೇ ಬಿಟ್ರು" ಎಂದು ಚಿಕ್ಕಮ್ಮ ನಮ್ಮಮ್ಮನ ಹತ್ತಿರ ಹೇಳಿಕೊಂಡಳು. ಆ ಮಾತಿನಲ್ಲಿ ಹೆಮ್ಮೆಯಿತ್ತು, ಇರಲಿ, ಪಾಪ. ಆದರೆ ಅವರು ಬಿಟ್ಟರೂ ಇವಳು ಬಿಡಲಿಲ್ಲ. ಪ್ರತಿ ಸಂಜೆ ಚಿಕ್ಕಪ್ಪ ಬಂದವರೇ ಬ್ಯಾಗನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಅವಳು ಸ್ಕ್ರೂಡ್ರೈವರು, ಬಾಬಿನ್ನು, ಸೂಜಿ ಪೊಟ್ಟಣ ಎಲ್ಲವನ್ನೂ ಹೊರಗೆ ಹರಡಿ, ಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೂಸಿ, ಮತ್ತೆ ತುಂಬಿಸುತ್ತಿದ್ದಳು. ಒಂದೆರಡು ಸಲ ನಾನು ಅಲ್ಲೇ ಇದ್ದೆ. ಅರವತ್ತರ ಹತ್ತಿರದ ಮನುಷ್ಯ ಶಾಲೆಯ ಹುಡುಗನ ಹಾಗೆ ಕೈ ಇಳಿಬಿಟ್ಟು ನಿಂತಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಹೇಳಿದೆ ಕೂಡ. "ನಿಂಗೇನು ಗೊತ್ತು, ನೀನು ಕುಡುಕನ ಜೊತೆ ಬಾಳಿದ್ದೀಯಾ?" ಎಂದಳು.

ಚಿಕ್ಕಮ್ಮ ನಿವೃತ್ತಿಯಾದಾಗ ಜೊತೆಯವರೆಲ್ಲ ಸೇರಿ, ಇಷ್ಟು ವರ್ಷ ದಡದಲ್ಲೇ ನಿಂತವಳು ಒಂದು ಸಲವಾದರೂ ಹಡಗು ಹತ್ತಲಿ ಎಂದು ಮೂವರು ಮಲಗುವ ಒಂದು ಕೋಣೆಯನ್ನೇ ಉಡುಗೊರೆ ಕೊಟ್ಟರು. ಮಕ್ಕಳಿಲ್ಲದ ಮನೆ, ಮೂರನೆಯವಳು ನಾನಾದೆ. ಚಿಕ್ಕಪ್ಪ ಬರುತ್ತೇನೆಂದರು, ಆದರೆ ಒಂದು ಷರತ್ತು ಹಾಕಿದರು.

"ನನ್ನ ಪೆಟ್ಟಿಗೆ ನೀನು ಮುಟ್ಟಬಾರದು. ತೆಗೆಸಲೂಬಾರದು. ನಿನ್ನ ಕೆಲಸ ಮುಗೀತು. ಇನ್ಮೇಲಾದ್ರೂ ಮನೇಲಿ ಗಂಡ ಹೆಂಡ್ತಿ ಥರ ಇರೋಣ."

ಚಿಕ್ಕಮ್ಮ ಆಗಲಿ ಎಂದಳು. "ಬಾಯಲ್ಲಿ ಹೇಳು" ಎಂದರು. "ಮುಟ್ಟಲ್ಲ ರೀ. ತೆಗೆಸಲ್ಲ" ಎಂದಳು. ಹೇಳಿದ ಕ್ಷಣದಿಂದ ಅವಳ ನೆಮ್ಮದಿ ಹೋಯಿತು. ಹೊರಡುವ ದಿನ ಚಿಕ್ಕಪ್ಪ ಪೆಟ್ಟಿಗೆ ತುಂಬಿಸುವಾಗ ಇವಳು ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಟ್ಯಾಕ್ಸಿಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ಪೆಟ್ಟಿಗೆ ಎತ್ತುವಾಗ ಒಂದು ಕಡೆ ವಾಲ್ತು, ನೋಡಿದ್ಯಾ?" ಎಂದಳು. ನೋಡಿಲ್ಲ, ನೋಡುವುದೂ ಇಲ್ಲ, ತೆಪ್ಪಗೆ ಕೂತ್ಕೋ ಎಂದೆ. ಅವಳು ಕಿಟಕಿ ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಡ್ರೈವರು ಕನ್ನಡಿಯಲ್ಲಿ ನೋಡತೊಡಗಿದ.

ಬಂದರಿನಲ್ಲಿ ಅವಳಿಗೆ ರಾಜಮರ್ಯಾದೆ ಸಿಕ್ಕಿತು. ಅವಳ ಕುರ್ಚಿಯಲ್ಲಿ ಈಗ ಕೂತಿದ್ದವಳು ಅವಳ ಹತ್ತಿರವೇ ಕೆಲಸ ಕಲಿತ ಕನ್ನಡಕದ ಹೆಂಗಸು. "ಬನ್ನಿ ಅಕ್ಕಾ, ಇವತ್ತು ನೀವು ಈ ಕಡೆ" ಎಂದು ನಕ್ಕಳು. ನನ್ನ ಪೆಟ್ಟಿಗೆ ಹೋಯಿತು. ಚಿಕ್ಕಮ್ಮನದು ಹೋಯಿತು. ಚಿಕ್ಕಪ್ಪನದು ಯಂತ್ರದೊಳಗೆ ನುಗ್ಗಿತು. ಚಿಕ್ಕಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಯೇ ನಿಂತಿದ್ದಳು, ಅದಕ್ಕೆ ನಾನೇ ಸಾಕ್ಷಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹೊಟ್ಟೆಪಾಡಿನ ಗುಣವೂ ಅಷ್ಟೇ. ಬೆಲ್ಟಿನ ಸದ್ದು ಕೇಳಿದ್ದೇ ಅವಳ ಕತ್ತು ತಾನಾಗಿ ತಿರುಗಿತು. ಪರದೆಯ ಮೇಲೆ ಒಂದು ಜೊತೆ ಬೂಟು, ಎಡಗಾಲಿನ ಬೂಟಿನೊಳಗೆ ಚಪ್ಪಟೆ ಬಾಟಲಿ. ಕನ್ನಡಕದವಳೂ ಕಂಡಳು. ಕಂಡು, ಚಿಕ್ಕಮ್ಮನ ಮುಖ ನೋಡಿ, ಕಾಣದವಳ ಹಾಗೆ ಮುಂದಿನ ಪೆಟ್ಟಿಗೆಗೆ ಕೈ ಮಾಡಿದಳು. ಹಿರಿಯಳಿಗೆ ಕೊಟ್ಟ ಮರ್ಯಾದೆ ಅದು.

"ನಿಲ್ಸಿ. ಹಿಂದಕ್ಕೆ."

ಹೇಳಿದ್ದು ಚಿಕ್ಕಮ್ಮನೇ. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಲ್ಟು ನಿಂತು ಹಿಂದಕ್ಕೆ ಬಂತು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಇನ್ನು ಕನ್ನಡಕದವಳಿಗೂ ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆ ತೆಗೆಸಿದಳು, ಬೂಟು ತೆಗೆದಳು, ಬಟ್ಟೆ ಸುತ್ತಿದ ಬ್ರಾಂದಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಹಳೆಯ ಬಾಟಲಿ, ಅಂಟಿಸಿದ ಕಾಗದ ಹಳದಿಯಾಗಿತ್ತು. ಅವಳು ಮುಚ್ಚಳದ ಸುತ್ತ ಬೆರಳಾಡಿಸಿ, "ಸೀಲೇ ಒಡೆದಿಲ್ಲ ಅಕ್ಕಾ" ಎಂದಳು.

ಚಿಕ್ಕಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. "ಅದು ನನ್ನ ಹತ್ರ ಇರ್ಲಿ ಅಮ್ಮಾ, ಕುಡಿಯೋಕಲ್ಲ" ಎಂದು ಕನ್ನಡಕದವಳಿಗೆ ಹೇಳಿದರು. ಅವಳು ನಿಯಮ ಹೇಳಿದಳು. "ನೀನಾದ್ರೂ ಹೇಳು" ಎಂದು ಚಿಕ್ಕಮ್ಮನ ಕಡೆ ತಿರುಗಿದರು. ಚಿಕ್ಕಮ್ಮ ಬೆಲ್ಟಿನ ಅಂಚಿನ ಧೂಳು ಒರೆಸತೊಡಗಿದಳು. ಬಾಟಲಿಯ ಕತ್ತಿಗೆ ಚೀಟಿ ಬಿತ್ತು, ಕಬ್ಬಿಣದ ಬುಟ್ಟಿಯೊಳಗೆ ಅದು ಬೇರೆ ಬಾಟಲಿಗಳ ಜೊತೆ ಸೇರಿಕೊಂಡಿತು. ಚಿಕ್ಕಪ್ಪ ಬೂಟನ್ನು ಒಳಗಿಟ್ಟು ಪೆಟ್ಟಿಗೆ ಮುಚ್ಚಿ ನಮಗಿಂತ ಮುಂದೆ ನಡೆದುಬಿಟ್ಟರು.

ಕೋಣೆ ಸೇರಿದ ಮೇಲೆ ನಾನೇ ಕೇಳಿದೆ. ನನಗೆ ಹೊಟ್ಟೆಯೊಳಗೆ ಇಟ್ಟುಕೊಂಡು ಅಭ್ಯಾಸವಿಲ್ಲ. "ಕುಡಿಯೋಕಲ್ಲ ಅಂದ್ರೆ ಮತ್ಯಾಕೆ ತಂದ್ರಿ ಚಿಕ್ಕಪ್ಪಾ?"

ಅವರು ಮಂಚದ ತುದಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಾ ಹೇಳಿದರು. "ಕತ್ತರೀ, ಅದು ಎರಡು ವರ್ಷದಿಂದ ನಿಮ್ಮ ಚಿಕ್ಕಮ್ಮನ ಹೊಲಿಗೆ ಮೆಷಿನ್ನಿನ ತಳದಲ್ಲೇ ಇತ್ತು. ಆ ತಳಕ್ಕೆ ಎಣ್ಣೆ ಬಿಡೋಕೆ ನಾನಲ್ದೆ ಇನ್ಯಾರು ಕೈ ಹಾಕ್ತಾರೆ? ದಿನಾ ಅದರ ಎದುರೇ ಕೂತು ಹೊಲೀತಿದ್ಲು." ನನ್ನ ಬಾಯಿಗಾಗಿ ಅವರು ನನ್ನನ್ನು ಕತ್ತರಿ ಎಂದೇ ಕರೆಯುವುದು.

ಚಿಕ್ಕಮ್ಮ ಬಾಗಿಲಿಗೆ ಆನಿಕೊಂಡು ನಿಂತಿದ್ದಳು.

"ಇದೆ ಅಂತ ಗೊತ್ತಿದ್ರೆ ನಂಗೆ ಅದು ಬೇಡ" ಎಂದರು ಚಿಕ್ಕಪ್ಪ. "ಇಲ್ಲ ಅಂತಾದ ತಕ್ಷಣ ಬೇಕು. ಅವಳು ಒಂದು ಚೆಲ್ಲಿದ್ರೆ ಅದೇ ಸಂಜೆ ನಾನು ಇನ್ನೊಂದು ತಂದೆ. ಅವಳು ಹುಡುಕಿದಷ್ಟೂ ನಾನು ತಂದೆ. ಇದೊಂದು ಅವಳ ಕೈಗೆ ಸಿಗ್ಲಿಲ್ಲ. ಸಿಗ್ಲಿಲ್ಲ ಅಂತ್ಲೇ ಬಿಟ್ಟೆ. ಇಲ್ಲಿ ಮೆಟ್ಟಿಲಿಗೊಂದು ಬಾರಿದೆಯಂತೆ. ನಂದು ನನ್ನ ಹತ್ರ ಇದ್ರೆ ಅವುಗಳ ಕಡೆ ತಿರುಗಿ ನೋಡಲ್ಲ ಅಂತ ತಂದೆ."

"ಹಾಗಾದ್ರೆ ಇಷ್ಟು ವರ್ಷ ಕುಡಿಸಿದ್ದು ನಾನಾ?" ಎಂದಳು ಚಿಕ್ಕಮ್ಮ. ಅವಳ ಧ್ವನಿ ಅಷ್ಟು ಸಣ್ಣಗೆ ಬಂದಿದ್ದನ್ನು ನಾನು ಕೇಳಿರಲೇ ಇಲ್ಲ.

"ಹಾಗಂದ್ನಾ? ಕುಡಿದಿದ್ದು ನಾನೇ. ಹೇಗೆ ಬಿಟ್ಟೆ ಅಂತ ಹೇಳಿದೆ ಅಷ್ಟೆ" ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಇವರಿಗೆ ಇದನ್ನು ಎರಡು ವರ್ಷದ ಹಿಂದೆಯೇ ಹೇಳಲು ಏನಾಗಿತ್ತು? ಅವಳಿಗೆ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳಲು ಏನಾಗಿತ್ತು? ಆದರೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಡಾಕ್ಟರು ಹೇಳಿದ್ದು ಮೂವರಿಗೂ ನೆನಪಿತ್ತು. ಚಿಕ್ಕಪ್ಪನನ್ನು ಹಿಡಿದಿಟ್ಟಿದ್ದ ಒಂದೇ ಒಂದು ಬಾಟಲಿಗೆ ಬೀಗ ಬಿದ್ದಿತ್ತು, ಬೇರೆ ಬಾಟಲಿಗಳೆಲ್ಲ ಹಡಗಿನ ತುಂಬ ತೆರೆದುಕೊಂಡಿದ್ದವು.

ತೆರೆದುಕೊಂಡಿದ್ದವು ಎಂದರೆ ಎಂಥದ್ದು ಅಂತೀರಿ. ಈಜುಕೊಳದ ಪಕ್ಕ ಬಾರು, ಊಟದ ಮನೆಯ ಬಾಗಿಲಲ್ಲಿ ಬಾರು, ಪುಸ್ತಕ ಓದುವ ಕೋಣೆಯ ಮೂಲೆಯಲ್ಲೂ ಬಾರು. ಬಿಳಿ ಕೋಟಿನವರು ತಟ್ಟೆ ಹಿಡಿದು ಬೇಕಾ ಬೇಕಾ ಎನ್ನುತ್ತಾ ಬೆನ್ನು ಹತ್ತಿ ಬರುತ್ತಿದ್ದರು. ಆ ಸಂಜೆ ಚಿಕ್ಕಪ್ಪ ಊಟಕ್ಕೆ ಬಂದರು, ಊಟ ಮಾಡಲಿಲ್ಲ. ಬೆರಳಿನಿಂದ ಮೇಜನ್ನು ಕುಟ್ಟುತ್ತಾ, ಹೋಗಿ ಬರುವ ತಟ್ಟೆಗಳನ್ನು ನೋಡುತ್ತಾ ಕೂತರು. ಚಿಕ್ಕಮ್ಮ ಅವರ ಬೆರಳನ್ನೇ ನೋಡುತ್ತಿದ್ದಳು. ನಾನು ಇಬ್ಬರನ್ನೂ ನೋಡುತ್ತಾ ನನ್ನ ತಟ್ಟೆಯಲ್ಲಿದ್ದದ್ದು ಏನೆಂದೂ ತಿಳಿಯದೆ ನುಂಗಿದೆ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಚಿಕ್ಕಪ್ಪ ಕೈ ತೊಳೆದು ಬರುತ್ತೇನೆಂದು ಎದ್ದು ಹೋದವರು ಬರಲೇ ಇಲ್ಲ. ಸ್ವಲ್ಪ ಹೊತ್ತು ಕಾದೆವು. ಕೋಣೆಯಲ್ಲಿ ಇರಲಿಲ್ಲ. ಚಿಕ್ಕಮ್ಮ ಹೊರಟಳು ನೋಡಿ, ನಾನು ಅವಳ ಹಿಂದೆ ಅಕ್ಷರಶಃ ಓಡಬೇಕಾಯಿತು. ಒಂದೊಂದು ಬಾರಿನೊಳಗೂ ನುಗ್ಗಿದಳು. ಕುರ್ಚಿಗಳ ನಡುವೆ ಹಾದು, ಬೆನ್ನು ತಿರುಗಿಸಿ ಕೂತ ಬಿಳಿಕೂದಲಿನವರನ್ನೆಲ್ಲ ಸುತ್ತಿಬಂದು ಮುಖ ನೋಡಿದಳು. ಯಾರೂ ಕೂರದ ಮೇಜಿನ ಮೇಲಿದ್ದ ಅರ್ಧ ಗ್ಲಾಸನ್ನು ಎತ್ತಿ ಮೂಸಿದಳು. ನನಗೆ ನಾಚಿಕೆಯಾಯಿತು, ಆದರೆ ನಾನೂ ಮೂಸಿದೆ. ಮೇಲಿನ ಅಂತಸ್ತಿನಲ್ಲಿ ಗಾಳಿಗೆ ಎದುರಾಗಿ ನಿಂತು, "ಒಂದು ಬೂಟು. ಒಂದೇ ಒಂದು ಬೂಟು ನೋಡ್ದೆ ಇರೋಕೆ ಆಗ್ಲಿಲ್ವಲ್ಲೇ ನಂಗೆ" ಎಂದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕಾಲು ಮಾತ್ರ ಆಗಲೇ ಮುಂದಿನ ಮೆಟ್ಟಿಲಿನ ಮೇಲಿತ್ತು.

ಕೊನೆಗೆ ಅವಳಿಗೆ ಏನು ಹೊಳೆಯಿತೋ, ಗಕ್ಕನೆ ನಿಂತು, "ಕೆಳಗೆ" ಎಂದಳು. ನಾವು ಇಳಿಯುತ್ತಾ ಹೋದೆವು. ರತ್ನಗಂಬಳಿ ಮುಗಿದು ಬರೀ ಬಣ್ಣ ಬಳಿದ ಕಬ್ಬಿಣದ ನೆಲ ಬಂತು. ಕಿಟಕಿಯಿಲ್ಲದ ಓಣಿ, ಇಂಜಿನ್ನಿನ ಗುಂಯ್ ಸದ್ದು, ಸೋಪಿನ ವಾಸನೆ. ಒಂದು ಪಕ್ಕದಲ್ಲಿ ಹಡಗಿನ ಡಾಕ್ಟರ ಕೋಣೆ, ಅದರ ಮುಂದೆ ರೋಗಿಗಳಿಗೆಂದು ಹಾಕಿದ ಬೆಂಚು. ಎದುರಿಗೆ ಬೀಗ ಹಾಕಿದ ಬೂದು ಬಣ್ಣದ ಬಾಗಿಲು. ಬಂದರಿನಲ್ಲಿ ಕಿತ್ತುಕೊಂಡ ಬಾಟಲಿಗಳನ್ನು ಇಡುವ ಕೋಣೆ ಅದೇ.

ಬೆಂಚಿನ ಮೇಲೆ ಚಿಕ್ಕಪ್ಪ ಕೂತಿದ್ದರು. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಆ ಬಾಗಿಲನ್ನು ನೋಡುತ್ತಿದ್ದರು. ಬೆರಳು ಕುಟ್ಟುತ್ತಿರಲಿಲ್ಲ.

"ನೆಲ ಒರೆಸೋರನ್ನ ಕೇಳ್ಕೊಂಡು ಬಂದೆ" ಎಂದರು ನಮ್ಮನ್ನು ನೋಡಿ. "ಇಲ್ಲೇ ಇದೆಯಂತೆ. ಇಲ್ಲಿ ಕೂತ್ರೆ ಪರವಾಗಿಲ್ಲ. ನೀವು ಹೋಗಿ, ಸಮುದ್ರ ನೋಡಿ."

ಚಿಕ್ಕಮ್ಮ ಹತ್ತಿರ ಹೋದಳು. ಬಗ್ಗಿ ಅವರ ಬಾಯಿಯ ವಾಸನೆ ನೋಡುತ್ತಾಳೆ ಎಂದೇ ನಾನು ತಿಳಿದೆ. ಅವರೂ ಹಾಗೇ ತಿಳಿದರೋ ಏನೋ, ಮುಖ ಸ್ವಲ್ಪ ಮೇಲೆತ್ತಿದರು. ಅವಳು ಮೂಸಲಿಲ್ಲ. "ಸರೀರಿ ಆ ಕಡೆ" ಎಂದು ಪಕ್ಕದಲ್ಲಿ ಕೂತಳು.

ನಂಬುತ್ತೀರೋ ಬಿಡುತ್ತೀರೋ, ಉಳಿದ ಎರಡು ದಿನವೂ ಅವರು ಅಲ್ಲೇ ಕೂತರು. ಊಟಕ್ಕೆ ಬರುತ್ತಿದ್ದರು, ಮಲಗಲು ಬರುತ್ತಿದ್ದರು, ಮಿಕ್ಕ ಹೊತ್ತೆಲ್ಲ ಆ ಬೆಂಚು. ಡಾಕ್ಟರ ಕೋಣೆಯ ನರ್ಸು ಮೊದಲ ದಿನ ಏನು ಕಾಯಿಲೆ ಎಂದು ಕೇಳಿದಳು, ಎರಡನೆಯ ದಿನ ಚಹಾ ತಂದುಕೊಟ್ಟಳು. ಚಿಕ್ಕಮ್ಮನ ಮೊಣಕಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿತ್ತು. ಏಳಬೇಕೆನಿಸಿದಾಗಲೆಲ್ಲ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಹೆಚ್ಚೇನೂ ಆಡಿದಂತೆ ಕಾಣಲಿಲ್ಲ. ಇಡೀ ಸಮುದ್ರವನ್ನು ನಾನೊಬ್ಬಳೇ ನೋಡಿದೆ. ಚೆನ್ನಾಗಿತ್ತು, ಆದರೆ ಗಳಿಗೆಗೊಮ್ಮೆ ಕೆಳಗಿಳಿದು ಇಬ್ಬರೂ ಇದ್ದಾರಾ ಎಂದು ನೋಡಿಬರದೆ ನನಗೂ ಸಮಾಧಾನವಿರಲಿಲ್ಲ.

ಇಳಿಯುವ ದಿನ ಬೆಳಿಗ್ಗೆ ಬೂದು ಬಾಗಿಲಿನ ಬೀಗ ತೆಗೆದರು. ಬಾಟಲಿ ಕಳೆದುಕೊಂಡವರೆಲ್ಲ ಸಾಲು ನಿಂತರು. ಎಲ್ಲರಿಗಿಂತ ಮುಂದೆ ನಮ್ಮವರು, ಹೇಗೂ ಅಲ್ಲೇ ಕೂತಿದ್ದರಲ್ಲ. ಕೊಡುವವನು ಚೀಟಿ ಓದಿ, "ಇದು ಯಾರದ್ದು?" ಎಂದ. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಕೈ ಚಾಚಿ, "ನಮ್ದು" ಎಂದಳು. ಮನೆ ಸೇರುವವರೆಗೂ ಅದು ಅವಳ ತೊಡೆಯ ಮೇಲೇ ಇತ್ತು. ಮನೆಯಲ್ಲಿ ಚಿಕ್ಕಪ್ಪ ಹೊಲಿಗೆ ಯಂತ್ರವನ್ನು ಹಿಂದಕ್ಕೆ ಮಗುಚಿ ಹಿಡಿದರು, ಅವಳೇ ಬಾಟಲಿಯನ್ನು ತಳದಲ್ಲಿ ಮಲಗಿಸಿದಳು. ಯಂತ್ರವನ್ನು ಮತ್ತೆ ಕೂರಿಸಿದರು.

ಮರುದಿನ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಚಿಕ್ಕಪ್ಪ ಕೆಲಸ ಮುಗಿಸಿ ಬಂದರು. ಬಂದವರೇ ಅಭ್ಯಾಸದಂತೆ ಚರ್ಮದ ಬ್ಯಾಗನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕೈ ಇಳಿಬಿಟ್ಟು ನಿಂತರು. ಒಲೆಯ ಹತ್ತಿರವಿದ್ದ ಚಿಕ್ಕಮ್ಮ ತಿರುಗಿದಳು. ಅವಳ ಕೈ ಬ್ಯಾಗಿನ ಕೊಂಡಿಯವರೆಗೆ ಹೋಯಿತು. ಕೈ ಅಲ್ಲೇ ನಿಂತಿತು.

"ತೆಗೀರಿ ಇದನ್ನ. ತಟ್ಟೆ ಇಡ್ಬೇಕು" ಎಂದಳು.

ಚಿಕ್ಕಪ್ಪ ಅವಳ ಮುಖ ನೋಡಿದರು, ಬ್ಯಾಗು ಎತ್ತಿ ಗೋಡೆಯ ಪಕ್ಕ ಇಟ್ಟರು, ಬಂದು ಕೂತರು. ಆ ಊಟ ಮುಗಿಯುವವರೆಗೆ ಚಿಕ್ಕಮ್ಮ ಒಂದು ಸಲವೂ ಏಳಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ತಡೆಯಲಾರದೆ ಕೊನೆಗೆ ನಾನೇ ಎದ್ದು ಬಿಗಿ ಮಾಡಿ ಬಂದೆ.